ಅಣ್ಣನ ಅಂಗಡಿಯ ಹಕ್ಕಿ

ಮಕಾವ್ ಗಿಳಿ ಮನೆಗೆ ಬರುವ ಹಿಂದಿನ ದಿನ ಪರದೆ ಹೊಲಿಯುವವಳು ಗಂಡನಿಗೆ ಒಂದು ಕಟ್ಟಪ್ಪಣೆ ಮಾಡಿದಳು. ಇನ್ನು ಮುಂದೆ ತನ್ನನ್ನು ಬುಗುರಿ ಎಂದು ಕರೆಯಕೂಡದು.

“ಮತ್ತೇನಂತ ಕರೀಲಿ?” ಎಂದರು ಮೇಷ್ಟ್ರು.

“ಏನಾದ್ರೂ ಕರೀರಿ. ಆ ಹೆಸರೊಂದು ಬೇಡ.”

“ಇಪ್ಪತ್ತಾರು ವರ್ಷದಿಂದ ನಾಲಿಗೆಗೆ ಅಂಟಿಕೊಂಡಿರೋ ಹೆಸರು ಕಣೇ. ನಿನ್ನ ನಿಜವಾದ ಹೆಸರೇನು ಅಂತ ಈಗ ಮದುವೆ ಸರ್ಟಿಫಿಕೇಟ್ ತೆಗೆದು ನೋಡ್ಬೇಕು.”

ಬೇರೆ ದಿನವಾಗಿದ್ದರೆ ಅವಳು ನಕ್ಕು, ಕೈಯಲ್ಲಿದ್ದ ಟೇಪಿನಿಂದ ಅವರ ಬೆನ್ನಿಗೊಂದು ಬಿಡುತ್ತಿದ್ದಳು. ಇವತ್ತು ನಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರಿಗೆ ಹೆಂಡತಿಯ ಮುಖ ಓದುವುದೂ ಅಷ್ಟಿಷ್ಟು ಬರುತ್ತಿತ್ತು. “ಆಯ್ತು ಬಿಡು,” ಎಂದರು.

ಆ ಹೆಸರು ಇಟ್ಟವನು ಅವಳ ಅಣ್ಣ. ಚಿಕ್ಕವಳಿದ್ದಾಗ ನಿಂತಲ್ಲಿ ನಿಲ್ಲದೆ, ಕೂತಲ್ಲಿ ಕೂರದೆ ಮನೆ ತುಂಬ ಗಿರಗಿರ ಸುತ್ತುತ್ತಿದ್ದವಳನ್ನು ಆರು ವರ್ಷ ದೊಡ್ಡವನಾದ ಅವನು ಬುಗುರಿ ಎಂದು ಕರೆದ. ಮನೆಯವರು ಹಾಗೇ ಕರೆದರು, ಬೀದಿಯವರೂ ಹಾಗೇ ಕರೆದರು. ಮದುವೆಯಾದಾಗ ಹೆಣ್ಣಿನ ಜೊತೆ ಹೆಸರೂ ಮೇಷ್ಟ್ರ ಮನೆಗೆ ಬಂತು. ಮೇಷ್ಟ್ರ ಬಾಯಿಂದ ಅದನ್ನು ಹೆಡ್ಮೇಷ್ಟ್ರು ಕಲಿತರು.

ಹೆಡ್ಮೇಷ್ಟ್ರು ಎಂದರೆ ಬೂದು ಮೈಯ, ಕೆಂಪು ಬಾಲದ ಆಫ್ರಿಕಾ ಗಿಳಿ. ಹದಿನಾಲ್ಕು ವರ್ಷದಿಂದ ನಡುಮನೆಯ ಕಿಟಕಿ ಪಕ್ಕ ಕೂತು, ಮನೆಪಾಠಕ್ಕೆ ಬಂದ ಮಕ್ಕಳನ್ನೆಲ್ಲ ಮೇಷ್ಟ್ರ ದನಿಯಲ್ಲೇ ಗದರಿಸಿ ಈ ಬಿರುದು ಸಂಪಾದಿಸಿದ್ದು. “ಗಲಾಟೆ ಯಾರದು?” “ಸ್ಟೆಪ್ ಎಲ್ಲಿ, ಸ್ಟೆಪ್?” ಎಂದು ಅದು ಕೂಗಿದರೆ ಹೊಸ ಮಕ್ಕಳು ಎದ್ದು ನಿಲ್ಲುತ್ತಿದ್ದರು. ಅದರ ಎದುರಿನ ಪಂಜರದಲ್ಲಿ ಕಾಕಟೀಲು ಎಂಬ ಎರಡು ಜುಟ್ಟಿನ ಪುಟ್ಟ ಗಿಳಿಗಳು. ಒಂದು ಕಾಳು ಕಂಡರೂ ಜುಟ್ಟು ನಿಮಿರಿಸಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದುದರಿಂದ ಅವಕ್ಕೆ ಅತ್ತೆ-ಸೊಸೆ ಎಂದು ಹೆಸರು. ಮೂರೂ ಬೇರೆ ಬೇರೆ ಮನೆಗಳಲ್ಲಿ ಬೇಡವಾಗಿ ಇಲ್ಲಿಗೆ ಬಂದವು. ಹಕ್ಕಿ ಡಾಕ್ಟರಮ್ಮನ ಹತ್ತಿರ ಯಾರಾದರೂ ಗಿಳಿ ತಂದುಬಿಟ್ಟು ಕೈ ತೊಳೆದುಕೊಂಡರೆ ಅವರು ಮೊದಲು ಫೋನ್ ಮಾಡುತ್ತಿದ್ದದ್ದು ಪರದೆ ಹೊಲಿಯುವವಳಿಗೇ. ಹೊಸ ಹಕ್ಕಿಯನ್ನು ಹಳೆಯವುಗಳ ಜೊತೆ ಸೇರಿಸುವ ಕ್ರಮ ಅವಳಿಗೆ ನೀರು ಕುಡಿದಷ್ಟು ಸಲೀಸು. ಮೊದಲು ನಲವತ್ತೈದು ದಿನ ಬೇರೆ ಕೋಣೆ. ಮೇವು ನೀರು ಹಳೆಯವಕ್ಕೆ ಮೊದಲು, ಹೊಸದಕ್ಕೆ ಆಮೇಲೆ. ರೋಗ ಇಲ್ಲ ಎಂದು ಖಾತ್ರಿಯಾದ ಮೇಲೆ ನಡುಮನೆಯ ಮೂಲೆ. ಅಲ್ಲಿಂದ ದಿನಕ್ಕೊಂದು ಮೊಳ ಹತ್ತಿರ. ಎಷ್ಟೋ ಜನಕ್ಕೆ ಇದನ್ನೆಲ್ಲ ಫೋನಿನಲ್ಲಿ ಅವಳೇ ಹೇಳಿಕೊಟ್ಟಿದ್ದಳು. ಹಾಗೆ ಹೇಳಿಕೊಟ್ಟವಳೇ ಈ ಸಲ ಎಡವಿದ್ದು.

ಮಕಾವ್ ಅವಳ ಅಣ್ಣನದು. ಅಣ್ಣ ಬೀಗ ರಿಪೇರಿಯವನು. ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡ ದಿನ ಇವಳು ಹೊರಟಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ತಲುಪುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಇನ್ನೆರಡು ಗಂಟೆ ಕಾಯಬಹುದಿತ್ತು, ಅಣ್ಣ ಕಾಯಲಿಲ್ಲ. ಸೇರಿದ್ದ ನೆಂಟರಿಷ್ಟರ ಮುಂದೆಯೇ ಅವಳು, “ಅಮ್ಮನ ಮುಖ ತೋರಿಸದವನು ನನಗೆ ಅಣ್ಣನೇ ಅಲ್ಲ. ಇನ್ನು ಯಾವತ್ತೂ ನನ್ನ ಕರೀಬೇಡ,” ಎಂದಿದ್ದಳು. ಅವನು ಹಟಮಾರಿ, ಕರೆಯಲಿಲ್ಲ. ಅವಳೇನು ಕಮ್ಮಿಯೇ? ಅದೇ ಅಮ್ಮನ ಮಗಳು. ಅವನು ಮೊದಲು ಬರಲಿ ಎಂದು ಇವಳು, ಇವಳು ಮೊದಲು ಬರಲಿ ಎಂದು ಅವನು, ಹೀಗೆ ಹನ್ನೊಂದು ವರ್ಷ ಕಾದರು. ಒಂದು ಬೆಳಗ್ಗೆ ಅಂಗಡಿಯ ಷಟರ್ ಎತ್ತುತ್ತಿದ್ದ ಅಣ್ಣ ಅಲ್ಲೇ ಕುಸಿದು ಬಿದ್ದು ಹೋಗಿಬಿಟ್ಟ.

ದುಃಖಕ್ಕೆ ಬಂದ ಜನ ಚದುರಿದ ಮೇಲೆ ಅವಳು ಅತ್ತಿಗೆಯನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳಿದ್ದು ಒಂದೇ ಮಾತು. “ಅತ್ತಿಗೆ, ಅಣ್ಣ ಯಾವತ್ತಾದ್ರೂ ನನ್ನ ವಿಷಯ ಮಾತಾಡ್ತಿದ್ನಾ?”

ಅತ್ತಿಗೆ ಸುಳ್ಳು ಹೇಳುವ ಹೆಂಗಸಲ್ಲ. ಅದೇ ಅವರ ತೊಂದರೆ.

“ನಿನ್ನ ಸಮಾಧಾನಕ್ಕೆ ಏನೋ ಒಂದು ಹೇಳಬಹುದು ಕಣಮ್ಮಾ. ಆದ್ರೆ ಈ ಮನೆಯಲ್ಲಿ ನಿನ್ನ ಹೆಸರು ಎತ್ತಿದ್ದನ್ನ ನಾನು ಕೇಳಿಲ್ಲ. ಅವರು ಮನೆಯಲ್ಲಿ ಇರ್ತಿದ್ದದ್ದೇ ಕಮ್ಮಿ. ಬೆಳಗ್ಗೆ ಹೋದ್ರೆ ಸಂಜೆವರೆಗೂ ಅಂಗಡಿ. ಏನು ಮಾತಾಡ್ತಿದ್ರೋ ಎಲ್ಲ ಆ ಹಕ್ಕಿ ಜೊತೇನೇ. ಅದರ ಕಿರುಚಾಟಕ್ಕೆ ನಾನಂತೂ ಅಂಗಡಿ ಒಳಗೆ ಕಾಲೇ ಇಡ್ತಿರಲಿಲ್ಲ.” ಆಮೇಲೆ, “ನಾನು ಅಕ್ಕನ ಫ್ಲ್ಯಾಟಿಗೆ ಹೋಗ್ತಿದ್ದೀನಿ. ಅಲ್ಲಿ ಅದನ್ನ ಸೇರಿಸಲ್ಲ. ನೀನು ಸಾಕ್ತೀಯಾ?” ಎಂದರು.

ಅವಳು ಹಿಂದೆ ಮುಂದೆ ನೋಡದೆ ಹೂಂ ಅಂದಳು. ಅಂಗಡಿಯ ಬೆಂಚಿನ ಮೇಲೆ ಒಂಬತ್ತು ವರ್ಷ ಅಣ್ಣನ ಎದುರಿಗೆ ಕೂತಿದ್ದ ಹಕ್ಕಿ. ಗಿಳಿಗಳು ಒಂದು ಸಲ ಕೇಳಿದ್ದನ್ನು ಕಲಿಯುವುದು ಅಪರೂಪ, ದಿನಾ ಕೇಳಿದ್ದನ್ನು ಕಲಿಯುತ್ತವೆ. ಅಣ್ಣ ತನ್ನನ್ನು ನೆನೆಸಿಕೊಳ್ಳುತ್ತಿದ್ದದ್ದು ನಿಜವಾದರೆ ಆ ಹೆಸರು ಹಕ್ಕಿಯ ಬಾಯಲ್ಲಿ ಇದ್ದೇ ಇರುತ್ತದೆ. ಒಂದು ಸಲ, ಒಂದೇ ಒಂದು ಸಲ ಅದು ಅಣ್ಣನ ದನಿಯಲ್ಲಿ ಬುಗುರಿ ಎಂದುಬಿಟ್ಟರೆ ಸಾಕು. ಅವಳಿಗೆ ಅದರಾಚೆ ಏನೂ ಬೇಕಿರಲಿಲ್ಲ. ಆದರೆ ಆ ಮಾತು ಅಣ್ಣನಿಂದಲೇ ಕಲಿತದ್ದಾಗಿರಬೇಕು. ದಿನಕ್ಕೆ ಹತ್ತು ಸಲ “ಬುಗುರೀ, ಚಹಾ!” ಎಂದು ಅರಚುವ ಹೆಡ್ಮೇಷ್ಟ್ರಿಂದ ಕಲಿತದ್ದಾದರೆ ಪ್ರಯೋಜನವಿಲ್ಲ. ಮೇಷ್ಟ್ರ ಬಾಯಿಗೆ ಕಟ್ಟಪ್ಪಣೆ ಸಾಕು. ಹೆಡ್ಮೇಷ್ಟ್ರ ಬಾಯಿ ಕಟ್ಟುವವರು ಯಾರು?

ಅದಕ್ಕೆ ಅವಳು ತನ್ನ ಕಸುಬನ್ನೇ ಹೂಡಿದಳು. ಮಹಡಿಯ ಹೊಲಿಗೆ ಕೋಣೆಯಿಂದ ಮೆಷಿನ್ನನ್ನು ಕೆಳಗಿಳಿಸಿ ಆ ಕೋಣೆಯನ್ನು ಮಕಾವಿಗೆ ಬಿಟ್ಟುಕೊಟ್ಟಳು. ಬಾಗಿಲಿಗೆ ಒಳಗೊಂದು ಹೊರಗೊಂದು ದಪ್ಪ ಮಖಮಲ್ಲಿನ ಪರದೆ, ಮೆಟ್ಟಿಲ ಬುಡಕ್ಕೆ ಇನ್ನೊಂದು. ಸಿನಿಮಾ ಮಂದಿರಕ್ಕೆಂದು ತರಿಸಿ ಉಳಿದಿದ್ದ ಬಟ್ಟೆ ಅದು, ಸದ್ದು ನುಂಗುವುದಕ್ಕೇ ಮಾಡಿದ್ದು. ಬಾಗಿಲ ಸಂದಿಗೆ ಹತ್ತಿ ತುಂಬಿದ ಉದ್ದನೆಯ ದಿಂಬು ಹೊಲಿದಳು. ಹೆಡ್ಮೇಷ್ಟ್ರು ಕೆಳಗೆ ಗಂಟಲು ಹರಿದುಕೊಂಡರೂ ಮೇಲೆ ಪಿಸುಮಾತಿನಷ್ಟೂ ಕೇಳುತ್ತಿರಲಿಲ್ಲ. ಮೇಷ್ಟ್ರನ್ನು ಕೆಳಗೆ ನಿಲ್ಲಿಸಿ ಕೂಗಿಸಿ ಅವಳು ಪರೀಕ್ಷೆಯನ್ನೂ ಮಾಡಿದಳು.

ಮಕಾವ್ ಬಂತು. ನೀಲಿ ಬೆನ್ನು, ಹಳದಿ ಎದೆ, ಬಿಳಿ ಕೆನ್ನೆಯ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆ, ಅಕ್ರೋಟನ್ನು ಕಡಲೆಯ ಹಾಗೆ ಒಡೆಯುವ ಕೊಕ್ಕು. ಅತ್ತಿಗೆ ಜೊತೆಗೆ ಕೊಟ್ಟ ಡಬ್ಬಿಯ ತುಂಬ ನಟ್ಟು ಬೋಲ್ಟು. ಅಣ್ಣ ಕೆಲಸ ಮಾಡುವಾಗ ಅದೂ ಪಕ್ಕದಲ್ಲಿ ಕೂತು ನಟ್ಟು ಬಿಚ್ಚುತ್ತಿತ್ತಂತೆ. ಮೊದಲ ವಾರ ಅದು ನಟ್ಟನ್ನು ಮುಟ್ಟಲಿಲ್ಲ, ಅವಳ ಕೈಯನ್ನು ಹತ್ತಿರ ಸೇರಿಸಲಿಲ್ಲ. ಕಡ್ಡಿಯ ತುದಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿತ್ತು. ಅವಳು ಮಧ್ಯಾಹ್ನದ ಹೊತ್ತು ಪರದೆಯ ಅಂಚು ಮಡಿಸಿ ಕೈಹೊಲಿಗೆ ಹಾಕುತ್ತಾ ಪಕ್ಕದಲ್ಲಿ ಕೂರುತ್ತಿದ್ದಳು. ತನ್ನ ಮಾತು ಬಿದ್ದರೆ ಅಣ್ಣನ ಮಾತು ಮಾಸಿಹೋದೀತು ಎಂದು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಒಂಬತ್ತನೆಯ ದಿನ ಮಕಾವ್ ಕೀಲಿ ಕೊರೆಯುವ ಯಂತ್ರದ ಸದ್ದು ಮಾಡಿತು. ಆಮೇಲೆ ಅಣ್ಣನ ದನಿಯಲ್ಲಿ ಸ್ಪಷ್ಟವಾಗಿ, “ನಾಳೆ ಬನ್ನಿ,” ಎಂದಿತು.

ಸೂಜಿ ಅವಳ ಬೆರಳಿಗೆ ಚುಚ್ಚಿತು. ಹನ್ನೊಂದು ವರ್ಷದ ಮೇಲೆ ಅಣ್ಣ ಬಾಯಿ ಬಿಟ್ಟು ಹೇಳಿದ್ದು ನಾಳೆ ಬನ್ನಿ ಎಂದು, ಅದೂ ಯಾವುದೋ ಗಿರಾಕಿಗೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಆಮೇಲೆ ದಿನಕ್ಕೊಂದೆರಡು ಮಾತು ಉದುರತೊಡಗಿದವು. “ಚಹಾ ಆರೋಯ್ತು.” “ಕೀಲಿ ಕಳ್ಕೊಂಡು ಬೀಗ ಸರಿಯಿಲ್ಲ ಅಂದ್ರೆ ಹೆಂಗೆ ಸ್ವಾಮಿ?” ಒಂದು ಕೆಮ್ಮು ಕೂಡ ಇತ್ತು, ಎದೆಯ ಆಳದಿಂದ ಕಿತ್ತು ಬರುವಂಥದ್ದು. ಈ ಕೆಮ್ಮು ಅವಳಿಗೆ ಹೊಸದು. ಅಣ್ಣನಿಗೆ ಯಾವಾಗ ಶುರುವಾಯಿತು, ಯಾರಿಗಾದರೂ ತೋರಿಸಿದನೇ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಕಿಟಕಿಗಳ ಉದ್ದ ಅಗಲ ಬರೆದುಕೊಳ್ಳುವ ಪುಸ್ತಕದಲ್ಲಿ ಹಕ್ಕಿಯ ಪ್ರತಿಯೊಂದು ಮಾತನ್ನೂ ಬರೆದಿಟ್ಟಳು. ತನ್ನ ಹೆಸರೊಂದು ಬಿಟ್ಟು ಎಲ್ಲ ಅದರಲ್ಲಿ ಸೇರಿತು.

ಕೆಳಗೆ ಮೇಷ್ಟ್ರ ಪಾಡು ಹೇಳತೀರದು. “ಇವಳೇ, ನನ್ನ ಕನ್ನಡಕ ಎಲ್ಲಿ?” “ನೋಡೇ, ಯಾರೋ ಬಂದಿದ್ದಾರೆ.” ಒಂದು ದಿನ ನಿಜವಾದ ಹೆಸರು ಹಿಡಿದು ಕರೆದಾಗ ಅವಳು, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು, ತಿರುಗಿಯೂ ನೋಡಲಿಲ್ಲ.

ನಲವತ್ತೈದು ದಿನ ಕಳೆದವು. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಯಾವ ರೋಗವೂ ಇಲ್ಲ, ಹೆಣ್ಣು ಹಕ್ಕಿ, ಧಾರಾಳವಾಗಿ ಕೆಳಗೆ ತನ್ನಿ ಎಂದರು.

“ನಾಳೆ ತರೋಣವಾ?” ಎಂದರು ಮೇಷ್ಟ್ರು.

“ಇನ್ನೂ ಸ್ವಲ್ಪ ಹೊಂದಿಕೊಳ್ಳಲಿ,” ಎಂದಳು ಅವಳು.

ಇನ್ನೂ ಸ್ವಲ್ಪ ಎನ್ನುತ್ತಲೇ ಹಕ್ಕಿ ಬಂದು ಎರಡು ತಿಂಗಳಾಯಿತು, ಮೂರಾಯಿತು. ಮೇಷ್ಟ್ರಿಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ಚಕಾರ ಎತ್ತಲಿಲ್ಲ. ಅವರು ಎತ್ತಬೇಕಿತ್ತು ಎಂದು ನನಗನ್ನಿಸುತ್ತದೆ, ಆದರೆ ಗಂಡಂದಿರಿಗೆ ಧೈರ್ಯ ಬರುವುದು ಬೇಡದ ಹೊತ್ತಿನಲ್ಲೇ. ಇತ್ತ ಮಕಾವ್ ಹೊಸ ಮಾತು ಆಡುವುದನ್ನು ನಿಲ್ಲಿಸಿತು. ಆಮೇಲೆ ಹಳೆಯ ಮಾತೂ ಕಡಿಮೆಯಾಯಿತು. ಅವಳು ಪಟ್ಟು ಹಿಡಿದು ಕಾದಳು. ಇವತ್ತು ಅಂದೀತು, ನಾಳೆ ಅಂದೀತು ಎಂದು ಅದರ ಕೊಕ್ಕನ್ನೇ ನೋಡುತ್ತಾ ಕೂತಳು. ಹಕ್ಕಿ ಬಾಗಿಲು ನೋಡುತ್ತಿತ್ತು, ಅವಳು ಹಕ್ಕಿಯನ್ನು ನೋಡುತ್ತಿದ್ದಳು. ಇಬ್ಬರಿಗೂ ಬೇಕಾಗಿದ್ದವನು ಒಬ್ಬನೇ.

ನಾಲ್ಕನೆಯ ತಿಂಗಳ ಒಂದು ಬೆಳಗ್ಗೆ ನೀರು ಬದಲಾಯಿಸಲು ಹೋದವಳಿಗೆ ಪಂಜರದ ತಳದಲ್ಲಿ ಹಳದಿ ಗರಿಗಳ ರಾಶಿ ಕಂಡಿತು. ಮಕಾವ್ ಕತ್ತು ಬಗ್ಗಿಸಿ ಎದೆಯ ಗರಿಯನ್ನು ಒಂದೊಂದಾಗಿ ಕಿತ್ತು ಕೆಳಗೆ ಬಿಡುತ್ತಿತ್ತು. ಅಂಗೈಯಗಲ ಜಾಗದಲ್ಲಿ ಬೋಳು ಚರ್ಮ ಕೆಂಪಗೆ ಕಾಣುತ್ತಿತ್ತು. ಅವಳು ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

ಡಾಕ್ಟರಮ್ಮ ಮನೆಗೇ ಬಂದರು. ಮೆಟ್ಟಿಲ ಬುಡದ ಪರದೆ ಸರಿಸಿದರು, ಬಾಗಿಲ ಹೊರಗಿನದು ಸರಿಸಿದರು, ಒಳಗಿನದನ್ನೂ ಸರಿಸಿದರು. ಕಾಲಿಗೆ ಸಿಕ್ಕ ಹತ್ತಿಯ ದಿಂಬನ್ನು ಒಮ್ಮೆ ನೋಡಿದರು. ಹಕ್ಕಿಯ ಮೈ ರೆಕ್ಕೆ ಎಲ್ಲ ಪರೀಕ್ಷಿಸಿ ಮುಗಿಸಿ ಕೇಳಿದರು.

“ಇದನ್ನ ಇನ್ನೂ ಇಲ್ಲೇ ಯಾಕೆ ಇಟ್ಟಿದ್ದೀರಿ?”

ಅವಳು ಬಗ್ಗಿ ಹತ್ತಿಯ ದಿಂಬನ್ನು ಗೋಡೆ ಬದಿಗೆ ಸರಿಸಿದಳು.

“ಮೈಯಲ್ಲಿ ಏನೂ ಇಲ್ಲ. ಇದು ಒಂಟಿತನ. ಗುಂಪಿನಲ್ಲಿ ಬದುಕೋ ಹಕ್ಕಿ, ಕೂಗಿದ್ರೆ ಓ ಅನ್ನೋರು ಬೇಕು ಇದಕ್ಕೆ. ಇದನ್ನೆಲ್ಲ ನಾನು ನಿಮಗೆ ಹೇಳ್ಬೇಕಾ? ನಾನೇ ಜನಾನ ನಿಮ್ಮ ಹತ್ರ ಕಳಿಸ್ತೀನಿ, ಕಲ್ತುಕೊಳ್ಳಿ ಅಂತ.” ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಇತ್ತು. “ಹೀಗೇ ಬಿಟ್ರೆ ಗರಿ ಮತ್ತೆ ಬೆಳೆಯೋದೇ ಇಲ್ಲ.”

ಅವರು ಹೋದ ಮೇಲೆ ಅವಳು ನೆಲದ ಮೇಲೆ ಕೂತು ಗರಿಗಳನ್ನು ಆರಿಸಿದಳು. ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ಅಣ್ಣ ಒಂಬತ್ತು ವರ್ಷ ಒಂದು ಗರಿ ಕೊಂಕದ ಹಾಗೆ ಸಾಕಿದ್ದ ಜೀವ. ತನ್ನ ಹಟಕ್ಕೆ ಹಿಂದೆ ಅಣ್ಣ ಹೋದ, ಈಗ ಹಕ್ಕಿ ಹೋಗುವುದರಲ್ಲಿದೆ. ಆದರೂ ಕೆಳಗೆ ತರಬೇಕು ಎಂದು ಎದ್ದವಳು ಪರದೆಯ ತನಕ ಹೋಗಿ ವಾಪಸು ಬಂದು ಕೂತಳು.

ಭಾನುವಾರ, ಮನೆಪಾಠವಿಲ್ಲದ ದಿನ, ಬೆಳಗ್ಗೆ ಹತ್ತಕ್ಕೆ ಅವಳು ಮೂರೂ ಪರದೆಗಳನ್ನು ಬಿಚ್ಚಿ ಮಡಿಸಿಟ್ಟಳು. ಪಂಜರದ ಒಂದು ಬದಿ ಮೇಷ್ಟ್ರು ಹಿಡಿದರು, ಇನ್ನೊಂದು ಬದಿ ಅವಳು ಹಿಡಿದಳು. ಅರ್ಧ ಮೆಟ್ಟಿಲು ಇಳಿದು ಅವಳು ನಿಂತುಬಿಟ್ಟಳು.

“ಏನಾಯ್ತೇ?”

“ಕೆಳಗೆ ಹೋದ್ಮೇಲೆ ಇದು ಹೆಡ್ಮೇಷ್ಟ್ರ ಬಾಯಿಂದ ಕಲಿತುಬಿಡುತ್ತೆ ರೀ. ಆಮೇಲೆ ಇದು ಸಾವಿರ ಸಲ ಅಂದ್ರೂ ಅಣ್ಣ ಅಂದಿದ್ನೋ ಇಲ್ವೋ ನನಗೆ ಗೊತ್ತಾಗೋದಿಲ್ಲ. ಸಾಯೋತನಕ ಗೊತ್ತಾಗೋದಿಲ್ಲ.”

ಮೇಷ್ಟ್ರಿಗೆ ಪಂಜರ ಭಾರವಾಗಿತ್ತು, ಉತ್ತರವೂ ಭಾರವಾಗಿತ್ತು. “ಗೊತ್ತಾಗದಿದ್ರೆ ಏನು ಮಾಡೋಕಾಗುತ್ತೆ,” ಎಂದರು. “ಇದರ ಗರಿ ಕಿತ್ತು ನೋಡಿದ್ರೆ ಉತ್ತರ ಸಿಗುತ್ತಾ?”

ಅವಳು ಕಣ್ಣೊರೆಸಿಕೊಂಡು, “ನಡೀರಿ,” ಎಂದಳು.

ಪಂಜರವನ್ನು ಕ್ರಮದ ಪ್ರಕಾರ ನಡುಮನೆಯ ದೂರದ ಮೂಲೆಯಲ್ಲಿ ಇಟ್ಟರು. ಅತ್ತೆ-ಸೊಸೆ ಹುಟ್ಟಿದ ಮೇಲೆ ಮೊದಲ ಸಲ ಜಗಳ ನಿಲ್ಲಿಸಿ ಒಂದಕ್ಕೊಂದು ಅಂಟಿಕೊಂಡು ಕೂತವು. ಹೆಡ್ಮೇಷ್ಟ್ರು ಕತ್ತು ಓರೆ ಮಾಡಿ ಹೊಸ ವಿದ್ಯಾರ್ಥಿಯನ್ನು ಅಳೆದು ನೋಡಿತು. ಮಕಾವ್ ಯಾರನ್ನೂ ನೋಡಲಿಲ್ಲ. ಬೋಳು ಎದೆ ಹೊತ್ತು ಕಡ್ಡಿಯ ತುದಿಗೆ ಸರಿದು ಬೀದಿ ಬಾಗಿಲಿನ ಕಡೆ ಮುಖ ಮಾಡಿ ಕೂತಿತು. ಅವಳು ಸೇಬಿನ ಚೂರು ತರಲು ಅಡುಗೆಮನೆಗೆ ಹೋದಳು.

ಅವಳು ಕಣ್ಮರೆಯಾದದ್ದೇ ತಡ, ಹೆಡ್ಮೇಷ್ಟ್ರು ಮೇಷ್ಟ್ರ ದನಿಯಲ್ಲಿ ಮನೆ ಹಾರಿಹೋಗುವಂತೆ ಕೂಗಿತು. “ಬುಗುರೀ!”

“ಬಂದೇ ಅಣ್ಣಾ!”

ಕೈಯಲ್ಲಿ ಚಾಕು ಹಿಡಿದುಕೊಂಡೇ ಅವಳು ಓಡಿಬಂದಳು. ಮಕಾವ್ ಕಡ್ಡಿಯಿಂದ ಇಳಿದು ಪಂಜರದ ಬಾಗಿಲಿಗೆ ಮೈ ಒತ್ತಿ ನಿಂತಿತ್ತು. ಇದ್ದಬದ್ದ ಗರಿಗಳೆಲ್ಲ ನಿಮಿರಿದ್ದವು. ಕಣ್ಣಿನ ಪಾಪೆ ಚಿಕ್ಕದಾಗಿ ದೊಡ್ಡದಾಗಿ ಹೊಳೆಯುತ್ತಿತ್ತು. ಹೆಡ್ಮೇಷ್ಟ್ರು ಇನ್ನೊಮ್ಮೆ ಕರೆಯಿತು. ಮಕಾವ್ ತಲೆ ಕುಣಿಸುತ್ತಾ ಇನ್ನೊಮ್ಮೆ ಓಗೊಟ್ಟಿತು. “ಬಂದೇ ಅಣ್ಣಾ, ಬಂದೇ!”

ಅದು ಅಣ್ಣನ ದನಿಯೇ. ಆದರೆ ಚಿಕ್ಕ ಹುಡುಗಿಯ ಹಾಗೆ ತೆಳ್ಳಗೆ ಎಳೆದ ದನಿ. ಅವಳನ್ನು ಅಣಕಿಸುವಾಗ ಅವನು ಹೀಗೇ ಗಂಟಲು ಸಣ್ಣ ಮಾಡುತ್ತಿದ್ದ. ಹತ್ತು ವರ್ಷದವಳಾಗಿದ್ದಾಗ ಅವನು ಕರೆದರೆ ಮನೆಯ ಯಾವ ಮೂಲೆಯಿಂದಲಾದರೂ ಅವಳು ಹೀಗೇ ಕೂಗಿಕೊಂಡು ಓಡಿ ಬರುತ್ತಿದ್ದಳು.

“ಅದು ನಿನ್ನ ಕರೀತಿಲ್ಲ ಕಣೇ,” ಎಂದರು ಮೇಷ್ಟ್ರು ಮೆಲ್ಲಗೆ. “ಅದು ಓ ಅಂತಿದೆ. ಅದರ ಹೆಸರೇ ಅದು.”

ಅವಳಿಗೆ ಆಗಲೇ ಅರ್ಥವಾಗಿತ್ತು. ಒಂಬತ್ತು ವರ್ಷ ಪ್ರತಿದಿನ ಅಣ್ಣ ಅಂಗಡಿಯಲ್ಲಿ ಅವಳ ಹೆಸರು ಹಿಡಿದು ಕರೆದಿದ್ದ. ಕರೆಯುವುದನ್ನೂ ಅವನೇ ಮಾಡಿದ್ದ, ಅವಳ ಪರವಾಗಿ ಓಗೊಡುವುದನ್ನೂ ಅವನೇ ಕಲಿಸಿದ್ದ. ಅವನು ಹೋದ ಮೇಲೆ ಹಕ್ಕಿಯನ್ನು ಆ ಹೆಸರಿನಿಂದ ಯಾರೂ ಕರೆಯಲಿಲ್ಲ. ನಾಲ್ಕು ತಿಂಗಳು ಈ ಮನೆಯಲ್ಲಿ ಅದು ತನ್ನ ಹೆಸರು ಕೇಳದೆ ಕೂತಿತ್ತು, ಆ ಹೆಸರು ಅದರ ಕಿವಿಗೆ ಬೀಳಬಾರದೆಂದು ಬಾಗಿಲಿಗೆ ಮಖಮಲ್ಲು ಹೊಲಿದವಳು ಅವಳೇ.

ಚಾಕು ಕೆಳಗಿಟ್ಟು ಅವಳು ಪಂಜರದ ಮುಂದೆ ಮಂಡಿಯೂರಿದಳು. ಬಾಗಿಲು ತೆಗೆದು ಮುಂಗೈ ಒಳಗೆ ಚಾಚಿದಳು. ತನ್ನ ಹೆಸರನ್ನು ತಾನೇ ಕರೆಯುವುದು ನಾಲಿಗೆಗೆ ವಿಚಿತ್ರವಾಗಿತ್ತು.

“ಬುಗುರಿ,” ಎಂದಳು. “ಬುಗುರಿ, ಬಾರೇ.”

ಮಕಾವ್ ಒಂದು ಕಾಲು ಇಟ್ಟಿತು, ಯೋಚಿಸಿತು, ಇನ್ನೊಂದು ಕಾಲನ್ನೂ ಇಟ್ಟಿತು. ಅವಳ ಮುಂಗೈ ಭಾರಕ್ಕೆ ಕೆಳಗೆ ಬಾಗಿತು. ಅದು ತೋಳು ಹತ್ತಿ ಹೆಗಲಿಗೆ ಬಂದು, ಅವಳ ತಲೆಯ ಹಿಂದೆ ಕತ್ತು ಚಾಚಿ, ಬೀದಿ ಬಾಗಿಲನ್ನು ಇಣುಕಿ ನೋಡಿ, “ಅಣ್ಣಾ?” ಎಂದಿತು.

“ಅಣ್ಣ ಇಲ್ಲ ಕಣೇ,” ಎಂದಳು ಅವಳು. “ನಾನೂ ಲೇಟಾಗಿ ಬಂದೆ.”